ಬ್ಲೂಟೂತ್ ಉಪಕರಣಕ್ಕೆ ಹೆಸರಿಡುವ ಬಗೆ

ಮುಂಬಯಿಯ ಗ್ರಾಂಟ್ ರೋಡ್ ರೈಲು ನಿಲ್ದಾಣದ ಸಮೀಪದಲ್ಲಿರುವ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗವು ಜನರ ಬಾಯಲ್ಲಿ ಇಂದಿಗೂ ಲ್ಯಾಮಿಂಗ್ಟನ್ ರೋಡ್ ಎಂದೇ ಪ್ರಸಿದ್ಧವಾಗಿದೆ. ವಿದ್ಯುನ್ಮಾನ ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರಾದ ಈ ರಸ್ತೆಯ ಅಂಗಡಿಗಳಿಗೆ ನಗರದ ಹಾಗೂ ಉಪನಗರಗಳ ವಿದ್ಯಾರ್ಥಿಗಳು, ದುರಸ್ತಿಗಾರರು ಮತ್ತು ಹವ್ಯಾಸಿಗಳು ಬಂದು ಅಂಗೈಯಗಲದ ಸೂಕ್ಷ್ಮನಿಯಂತ್ರಕ ಫಲಕಗಳನ್ನು, ಅಂದರೆ ಮೈಕ್ರೊಕಂಟ್ರೋಲರ್ ಬೋರ್ಡುಗಳನ್ನು, ಕೊಳ್ಳುತ್ತಾರೆ. ಅದರೊಡನೆ ಹೆಬ್ಬೆರಳಿನಷ್ಟು ಚಿಕ್ಕದಾದ ಬ್ಲೂಟೂತ್ ಘಟಕವೊಂದನ್ನು ಜೋಡಿಸಿದರೆ, ಮೊಬೈಲ್ ಫೋನಿನಿಂದಲೇ ದೀಪವನ್ನು ಹೊತ್ತಿಸಬಹುದು, ನೀರಿನ ಮಟ್ಟವನ್ನು ತಿಳಿಯಬಹುದು, ಚಿಕ್ಕ ಯಂತ್ರವನ್ನು ನಡೆಸಬಹುದು.

ಆದರೆ ಇಂತಹ ಘಟಕವನ್ನು ಮನೆಗೆ ತಂದವರು ಮೊದಲಿಗೆ ಮಾಡಬೇಕಾದ, ಮತ್ತು ಬಹುಮಟ್ಟಿಗೆ ಮಾಡದೆ ಬಿಡುವ, ಒಂದು ಕೆಲಸವಿದೆ. ಅದೆಂದರೆ ಆ ಉಪಕರಣಕ್ಕೆ ತನ್ನದೇ ಆದ ಹೆಸರೊಂದನ್ನು ಇಡುವುದು. ಈ ಸಣ್ಣ ಕೆಲಸದ ಅಗತ್ಯವೇನು, ಅದನ್ನು ನೆರವೇರಿಸುವ ಕ್ರಮವೇನು ಮತ್ತು ವಹಿಸಬೇಕಾದ ಎಚ್ಚರಿಕೆಗಳೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಇಬ್ಬರು ಅರಸರು

ಬ್ಲೂಟೂತ್ ಎಂಬುದು ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹೆರಾಲ್ಡ್ ಎಂಬ ಅರಸನ ಅಡ್ಡಹೆಸರು. ಆತನು ತನ್ನ ನಾಡಿನ ಜನರನ್ನು ಒಂದುಗೂಡಿಸಿದಂತೆ ಈ ತಂತ್ರಜ್ಞಾನವು ಬೇರೆ ಬೇರೆ ಉಪಕರಣಗಳನ್ನು ಒಂದುಗೂಡಿಸಲಿ ಎಂಬ ಆಶಯದಿಂದ ಆ ಹೆಸರನ್ನು ಆರಿಸಲಾಯಿತು. 1998ರಲ್ಲಿ ಎರಿಕ್‌ಸನ್, ಇಂಟೆಲ್, ಐಬಿಎಂ, ನೋಕಿಯಾ ಮತ್ತು ತೋಷಿಬಾ ಎಂಬ ಐದು ಸಂಸ್ಥೆಗಳು ಸೇರಿ ಇದರ ಮಾನಕಗಳನ್ನು ರೂಪಿಸುವ ಕೂಟವನ್ನು ಸ್ಥಾಪಿಸಿದವು. ಹವ್ಯಾಸಿಗಳಿಗೆ ಅತ್ಯಂತ ಪರಿಚಿತವಾದ ಆರ್ಡುಯಿನೊ ಫಲಕವು 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ರೂಪುಗೊಂಡಿತು. ಅದರ ಹೆಸರೂ ಮೂಲತಃ ಒಬ್ಬ ಅರಸನದೇ. 1002ರಲ್ಲಿ ಇಟಲಿಯ ಸಿಂಹಾಸನವನ್ನೇರಿದ ಇವ್ರಿಯಾದ ಆರ್ಡುಯಿನ್ ಎಂಬಾತನದು. ಹೀಗೆ ಇಬ್ಬರು ಅರಸರ ಹೆಸರು ಹೊತ್ತ ಸಾಧನಗಳನ್ನು ಕೂಡಿಸಿದ ಮೇಲೆ, ಅವುಗಳಿಗೆ ನಮ್ಮದೊಂದು ಹೆಸರನ್ನು ಇಡುವ ಕೆಲಸ ಉಳಿಯುತ್ತದೆ.

ಹೆಸರಿನ ಅಗತ್ಯ

ಕಾರ್ಖಾನೆಯಿಂದ ಬರುವಾಗ ಒಂದು ಮಾದರಿಯ ಎಲ್ಲ ಘಟಕಗಳಿಗೂ ಒಂದೇ ಹೆಸರು ಇರುತ್ತದೆ. ಬಹು ಬಳಕೆಯಲ್ಲಿರುವ ಎಚ್‌ಸಿ-05 ಎಂಬ ಘಟಕವು ಸಾಮಾನ್ಯವಾಗಿ ತನ್ನನ್ನು ‘ಎಚ್‌ಸಿ-05’ ಎಂದೇ ಸಾರುತ್ತದೆ. ಅದರ ಗುಪ್ತಸಂಖ್ಯೆಯೂ ಬಹುತೇಕ 1234 ಆಗಿರುತ್ತದೆ. ಒಂದು ಚಾಳಿನ ಎಲ್ಲ ಖೋಲಿಗಳ ಬಾಗಿಲಿಗೂ ಒಂದೇ ನಾಮಫಲಕವನ್ನು ತೂಗುಹಾಕಿ, ಎಲ್ಲ ಬೀಗಗಳಿಗೂ ಒಂದೇ ಕೀಲಿಯನ್ನು ಮಾಡಿಸಿದರೆ ಅಂಚೆಯವನ ಪಾಡೇನು, ಮನೆಯವರ ಪಾಡೇನು ಎಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಬಯಲುಸೀಮೆಯ ಒಂಟಿ ತೋಟದ ಮನೆಯಲ್ಲಿ ಇದು ಅಷ್ಟಾಗಿ ಬಾಧಿಸದು. ಈ ವರ್ಗದ ಬ್ಲೂಟೂತ್ ಘಟಕಗಳ ವ್ಯಾಪ್ತಿ ಸುಮಾರು 10 ಮೀಟರು. ಆದರೆ ಮುಂಬಯಿಯಂತಹ ನಗರದಲ್ಲಿ 10 ಮೀಟರಿನೊಳಗೆ ಗೋಡೆಯಾಚೆಗಿನ ಮನೆ, ಮೇಲಿನ ಮತ್ತು ಕೆಳಗಿನ ಮಾಳಿಗೆಗಳು, ಓಣಿಯ ಎದುರು ಸಾಲು ಎಲ್ಲವೂ ಸೇರಿಬಿಡುತ್ತವೆ. ವಿಜ್ಞಾನ ಪ್ರದರ್ಶನವೊಂದರಲ್ಲಿ ಮೂವತ್ತು ತಂಡಗಳು ಒಂದೇ ಸಭಾಂಗಣದಲ್ಲಿ ಮೇಜುಗಳನ್ನು ಹಾಕಿಕೊಂಡಿರುವ ಸಂದರ್ಭವನ್ನು ಭಾವಿಸೋಣ. ಒಬ್ಬ ವಿದ್ಯಾರ್ಥಿನಿ ತನ್ನ ಫೋನಿನಲ್ಲಿ ಹುಡುಕಿದಾಗ ಒಂದೇ ಹೆಸರಿನ ಮೂವತ್ತು ಸಾಲುಗಳು ಮೂಡುತ್ತವೆ. ಆಕೆ ಆರಿಸಿದ ಸಾಲು ಪಕ್ಕದ ಮೇಜಿನದಾದರೆ, ಆಕೆಯ ಆದೇಶಕ್ಕೆ ಬೇರೆಯವರ ಯಂತ್ರ ಚಲಿಸುತ್ತದೆ. ತನ್ನ ಯಂತ್ರ ಕೆಟ್ಟಿದೆಯೆಂದು ಆಕೆ ತಂತಿಗಳನ್ನು ಬಿಚ್ಚತೊಡಗುತ್ತಾಳೆ.

ಇದಕ್ಕಿಂತ ಗಂಭೀರವಾದ ಸಂದರ್ಭವೂ ಉಂಟು. ದಿನದ ನಿಗದಿತ ಅವಧಿಯಲ್ಲಿ ಮಾತ್ರ ನೀರು ಬರುವ ವಸತಿ ಸಂಕೀರ್ಣಗಳಲ್ಲಿ ನೆಲದಡಿಯ ತೊಟ್ಟಿಯಿಂದ ಮಹಡಿಯ ಮೇಲಿನ ತೊಟ್ಟಿಗೆ ಪಂಪಿನ ಮೂಲಕ ನೀರೇರಿಸುವುದು ವಾಡಿಕೆ. ಅಕ್ಕಪಕ್ಕದ ಎರಡು ಕಟ್ಟಡಗಳಿಗೆ ಉತ್ಸಾಹಿಯೊಬ್ಬರು ಒಂದೇ ಬಗೆಯ ನಿಯಂತ್ರಕಗಳನ್ನು ಅಳವಡಿಸಿ ಎರಡಕ್ಕೂ ಕಾರ್ಖಾನೆಯ ಹೆಸರನ್ನೇ ಉಳಿಸಿದರೆಂದು ಇಟ್ಟುಕೊಳ್ಳೋಣ. ಮೊದಲ ಕಟ್ಟಡದ ಪಂಪನ್ನು ಚಾಲನೆಗೊಳಿಸಿದೆನೆಂದು ತಿಳಿದವರು ಎರಡನೆಯದನ್ನು ಚಾಲನೆಗೊಳಿಸಿರಬಹುದು. ಅಲ್ಲಿ ನೆಲದಡಿಯ ತೊಟ್ಟಿ ಬರಿದಾಗಿದ್ದರೆ ನೀರಿಲ್ಲದೆ ಓಡುವ ಪಂಪು ಬಿಸಿಯೇರಿ ಹಾಳಾಗುತ್ತದೆ. ಇತ್ತ ನೀರು ಬರುವ ವೇಳೆ ಮುಗಿದು ಮೊದಲ ಕಟ್ಟಡದ ಮನೆಗಳಿಗೆ ಅಂದು ನೀರೇ ಇಲ್ಲದಂತಾಗುತ್ತದೆ. ಎರಡು ಬೇರೆ ಹೆಸರುಗಳಿದ್ದಿದ್ದರೆ ಈ ತೊಂದರೆ ತಲೆದೋರುತ್ತಿರಲಿಲ್ಲ.

ವಿಳಾಸ ಬೇರೆ, ಹೆಸರು ಬೇರೆ

ಒಂದೇ ಹೆಸರಿನ ಮೂವತ್ತು ಘಟಕಗಳನ್ನು ಫೋನು ಪ್ರತ್ಯೇಕವಾಗಿ ಗುರುತಿಸುವುದಾದರೂ ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಪ್ರತಿಯೊಂದು ಬ್ಲೂಟೂತ್ ಉಪಕರಣಕ್ಕೂ 48 ಬಿಟ್‌ಗಳ, ಅಂದರೆ 6 ಬೈಟ್‌ಗಳ, ಸಂಖ್ಯಾರೂಪದ ವಿಳಾಸವಿರುತ್ತದೆ. ಯಂತ್ರಗಳು ವ್ಯವಹರಿಸುವುದು ಈ ವಿಳಾಸದ ಮೂಲಕ. ಹೆಸರು ಇರುವುದು ಮನುಷ್ಯರ ಅನುಕೂಲಕ್ಕಾಗಿ. ವಿಳಾಸ ಒಂದೊಂದಕ್ಕೂ ಬೇರೆಯಾಗಿರುತ್ತದೆ. ಹೆಸರು ಹಾಗಿರಬೇಕೆಂಬ ನಿರ್ಬಂಧವಿಲ್ಲ. ಆದ್ದರಿಂದ ಹೆಸರುಗಳು ಬೇರೆಬೇರೆಯಾಗಿರುವಂತೆ ನೋಡಿಕೊಳ್ಳುವ ಹೊಣೆ ಬಳಸುವವರ ಮೇಲೆಯೇ ಇದೆ.

ಬ್ಲೂಟೂತಿನಲ್ಲಿ ಎರಡು ಬಗೆಗಳಿವೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಮೊದಲಿನಿಂದ ಬಂದದ್ದು ಸಾಂಪ್ರದಾಯಿಕ ಬ್ಲೂಟೂತ್. ಎಚ್‌ಸಿ-05 ಈ ಬಗೆಯದು. 2010ರಲ್ಲಿ ಅಂಗೀಕೃತವಾದ ನಾಲ್ಕನೆಯ ಆವೃತ್ತಿಯೊಡನೆ ಅಲ್ಪಶಕ್ತಿಯ ಬ್ಲೂಟೂತ್ ಸೇರಿತು. ಇದು ಚಿಕ್ಕ ಬ್ಯಾಟರಿಯಿಂದಲೂ ಬಹುಕಾಲ ನಡೆಯಬಲ್ಲದು. ಮೊದಲನೆಯದರಲ್ಲಿ ಫೋನು ಸುತ್ತಲಿನ ವಿಳಾಸಗಳನ್ನು ಕಂಡುಕೊಂಡು, ಬಳಿಕ ಒಂದೊಂದರ ಹೆಸರನ್ನೂ ವಿಚಾರಿಸುತ್ತದೆ. ಜನಸಂದಣಿಯ ಸ್ಥಳದಲ್ಲಿ ಪಟ್ಟಿಯಲ್ಲಿ ಮೊದಲು ಸಂಖ್ಯೆಗಳು ಕಂಡು, ತುಸು ತಡವಾಗಿ ಹೆಸರುಗಳು ಮೂಡುವುದು ಈ ಕಾರಣದಿಂದಲೇ. ಎರಡನೆಯದರಲ್ಲಿ ಉಪಕರಣವೇ ತನ್ನ ಹೆಸರನ್ನು ಒಂದು ಪುಟ್ಟ ಸಂದೇಶದಲ್ಲಿ ಮತ್ತೆ ಮತ್ತೆ ಬಿತ್ತರಿಸುತ್ತಿರುತ್ತದೆ.

ಎರಡೂ ಬಗೆಗಳು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಈ ಪಟ್ಟಿಯಲ್ಲಿ ಅಲ್ಪಶಕ್ತಿಯ ಉಪಕರಣಗಳ ಬಳಕೆಗೆ ಭಾರತ ಸರ್ಕಾರವು 2005ರ ನಿಯಮಗಳ ಮೂಲಕ ಪರವಾನಗಿಯಿಂದ ವಿನಾಯಿತಿ ನೀಡಿತು.

ಎಚ್‌ಸಿ-05 ಘಟಕದಲ್ಲಿ ಹೆಸರು ಬದಲಿಸುವ ಕ್ರಮ

ಆರ್ಡುಯಿನೊ ಉನೊ ಫಲಕವು 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಆದರೆ ಎಚ್‌ಸಿ-05ರ ಸಂಕೇತ ಸ್ವೀಕರಿಸುವ ಕಾಲು 3.3 ವೋಲ್ಟ್‌ಗೆ ತಕ್ಕುದಾಗಿದೆ. ಆದ್ದರಿಂದ ಫಲಕದಿಂದ ಘಟಕಕ್ಕೆ ಹೋಗುವ ತಂತಿಯಲ್ಲಿ 1 ಕಿಲೋಓಮ್ ಮತ್ತು 2 ಕಿಲೋಓಮ್ ರೋಧಕಗಳಿಂದ ವೋಲ್ಟೇಜನ್ನು ವಿಭಜಿಸಬೇಕು. 1 ಕಿಲೋಓಮ್ ರೋಧಕವು ಫಲಕಕ್ಕೂ ಘಟಕಕ್ಕೂ ನಡುವೆ, 2 ಕಿಲೋಓಮ್ ರೋಧಕವು ಘಟಕದ ಕಾಲಿಗೂ ನೆಲತಂತಿಗೂ ನಡುವೆ ಇರಬೇಕು. ಆಗ 5 ವೋಲ್ಟ್‌ನ ಮೂರನೆಯ ಎರಡು ಭಾಗ, ಅಂದರೆ ಸುಮಾರು 3.3 ವೋಲ್ಟ್, ಘಟಕವನ್ನು ತಲಪುತ್ತದೆ. ಫಲಕದ ಕಳುಹಿಸುವ ಕಾಲನ್ನು ಘಟಕದ ಸ್ವೀಕರಿಸುವ ಕಾಲಿಗೂ, ಘಟಕದ ಕಳುಹಿಸುವ ಕಾಲನ್ನು ಫಲಕದ ಸ್ವೀಕರಿಸುವ ಕಾಲಿಗೂ ಜೋಡಿಸಬೇಕೆಂಬುದನ್ನು ಮರೆಯಬಾರದು.

ಇನ್ನು ಹೆಸರಿಡುವ ಹಂತಗಳು ಹೀಗಿವೆ:

1. ಗಣಕಯಂತ್ರದಿಂದ ಬಂದದ್ದನ್ನು ಘಟಕಕ್ಕೂ, ಘಟಕದಿಂದ ಬಂದದ್ದನ್ನು ಗಣಕಯಂತ್ರಕ್ಕೂ ದಾಟಿಸುವ ಕಿರು ತಂತ್ರಾಂಶವನ್ನು ಮೊದಲು ಫಲಕಕ್ಕೆ ತುಂಬಬೇಕು. ಅದರಲ್ಲಿ ಘಟಕದೊಡನೆ ಮಾತನಾಡುವ ವೇಗವನ್ನು ಸೆಕೆಂಡಿಗೆ 38400 ಬಿಟ್‌ಗಳೆಂದು ನಿಗದಿಪಡಿಸಬೇಕು.

2. ಘಟಕದ ವಿದ್ಯುತ್ತನ್ನು ತೆಗೆದು, ಅದರ ಮೇಲಿನ ಚಿಕ್ಕ ಗುಂಡಿಯನ್ನು ಒತ್ತಿಹಿಡಿದೇ ಮತ್ತೆ ವಿದ್ಯುತ್ತನ್ನು ಕೊಡಬೇಕು. ಘಟಕದ ದೀಪವು ಬೇಗ ಬೇಗ ಮಿನುಗುವುದನ್ನು ಬಿಟ್ಟು ಸುಮಾರು ಎರಡು ಸೆಕೆಂಡುಗಳ ಅಂತರದಲ್ಲಿ ನಿಧಾನವಾಗಿ ಮಿನುಗತೊಡಗಿದರೆ ಅದು ಆದೇಶ ಸ್ವೀಕರಿಸುವ ಸ್ಥಿತಿಗೆ ಬಂದಿದೆಯೆಂದು ತಿಳಿಯಬೇಕು.

3. ಗಣಕಯಂತ್ರದ ಸಂದೇಶ ಕಿಟಕಿಯಲ್ಲಿ ‘ಎ’, ‘ಟಿ’ ಎಂಬೆರಡು ಅಕ್ಷರಗಳನ್ನು ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ಬರೆದು ಕಳುಹಿಸಬೇಕು. ಸಾಲಿನ ಅಂತ್ಯವನ್ನು ಸೂಚಿಸುವ ಎರಡೂ ಚಿಹ್ನೆಗಳು ಹೋಗುವಂತೆ ಕಿಟಕಿಯಲ್ಲಿ ಆಯ್ಕೆ ಮಾಡಿರಬೇಕು. ಘಟಕವು ‘ಓಕೆ’ ಎಂದು ಉತ್ತರಿಸುತ್ತದೆ. ಈ ಎರಡಕ್ಷರಗಳು ‘ಅಟೆನ್ಷನ್’ ಎಂಬುದರ ಸಂಕ್ಷೇಪ. ದೂರವಾಣಿ ಮೋಡೆಮ್‌ಗಳ ಕಾಲದಿಂದ ಬಂದ ರೂಢಿ.

4. ಬಳಿಕ ಅದೇ ಎರಡಕ್ಷರಗಳು, ಕೂಡುವ ಚಿಹ್ನೆ, ‘ನೇಮ್’ ಎಂಬ ಪದದ ನಾಲ್ಕು ಅಕ್ಷರಗಳು, ಸಮ ಚಿಹ್ನೆ ಮತ್ತು ಅದರ ಮುಂದೆ ತಾವು ಬಯಸುವ ಹೆಸರು, ಇಷ್ಟನ್ನೂ ನಡುವೆ ತೆರಪಿಲ್ಲದೆ ಬರೆದು ಕಳುಹಿಸಬೇಕು. ‘ಓಕೆ’ ಎಂಬ ಉತ್ತರ ಬಂದರೆ ಹೆಸರು ದಾಖಲಾಯಿತು. ಸಮ ಚಿಹ್ನೆಯ ಬದಲಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟು ಕಳುಹಿಸಿದರೆ ಈಗಿರುವ ಹೆಸರನ್ನು ಘಟಕವೇ ತಿಳಿಸುತ್ತದೆ.

5. ಕೊನೆಯಲ್ಲಿ ಗುಂಡಿಯನ್ನು ಒತ್ತದೆ ವಿದ್ಯುತ್ತನ್ನು ತೆಗೆದು ಕೊಟ್ಟರೆ ಘಟಕವು ಹೊಸ ಹೆಸರಿನೊಡನೆ ಎಂದಿನ ಕೆಲಸಕ್ಕೆ ಮರಳುತ್ತದೆ. ವಿದ್ಯುತ್ ಹೋದರೂ ಈ ಹೆಸರು ಅಳಿಯುವುದಿಲ್ಲ.

ನೋಡಲು ಇದೇ ತೆರನಾಗಿರುವ ಎಚ್‌ಸಿ-06 ಘಟಕದ ಕ್ರಮ ತುಸು ಭಿನ್ನ. ಅದಕ್ಕೆ ಗುಂಡಿ ಒತ್ತುವ ಅಗತ್ಯವಿಲ್ಲ; ಫೋನಿಗೆ ಜೋಡಣೆಯಾಗಿಲ್ಲದಿರುವಾಗ ಅದು ಸದಾ ಆದೇಶಕ್ಕೆ ಸಿದ್ಧವಾಗಿರುತ್ತದೆ. ಅದರ ವೇಗ ಸಾಮಾನ್ಯವಾಗಿ 9600. ಸಮ ಚಿಹ್ನೆಯಾಗಲಿ ಸಾಲಿನ ಅಂತ್ಯದ ಚಿಹ್ನೆಯಾಗಲಿ ಬೇಡ. ಉತ್ತರವೇ ಬಾರದಿದ್ದಲ್ಲಿ ಘಟಕ ಕೆಟ್ಟಿದೆಯೆಂದು ಎಣಿಸುವ ಮೊದಲು ವೇಗ, ಅಂತ್ಯಚಿಹ್ನೆ ಮತ್ತು ತಂತಿಗಳ ಅಡ್ಡಜೋಡಣೆ ಈ ಮೂರನ್ನೂ ಪರೀಕ್ಷಿಸುವುದು ಒಳಿತು.

ಹೊಸ ಫಲಕಗಳಲ್ಲಿ

2016ರಲ್ಲಿ ಬಂದ ಇಎಸ್‌ಪಿ-32ರಂತಹ ಫಲಕಗಳಲ್ಲಿ ಬ್ಲೂಟೂತ್ ಸೌಕರ್ಯವು ಒಳಗೇ ಅಡಕವಾಗಿದೆ. ಇಲ್ಲಿ ಪ್ರತ್ಯೇಕ ಆದೇಶಗಳಿಲ್ಲ. ಬ್ಲೂಟೂತನ್ನು ಆರಂಭಿಸುವ ಸಾಲಿನಲ್ಲಿಯೇ ಉದ್ಧರಣ ಚಿಹ್ನೆಗಳ ನಡುವೆ ಹೆಸರನ್ನು ಬರೆದರಾಯಿತು. ಆದರೆ ಈ ಸುಲಭದಲ್ಲಿಯೂ ಒಂದು ತೊಡಕಿದೆ. ಶಿಕ್ಷಕರು ಒಂದೇ ತಂತ್ರಾಂಶವನ್ನು ಮೂವತ್ತು ಫಲಕಗಳಿಗೆ ತುಂಬಿದರೆ ಮೂವತ್ತಕ್ಕೂ ಮತ್ತೆ ಅದೇ ಹೆಸರು ಬರುತ್ತದೆ. ಇದನ್ನು ತಪ್ಪಿಸಲು ಫಲಕದ ವಿಳಾಸದ ಕೊನೆಯ ಎರಡು ಬೈಟ್‌ಗಳನ್ನು ತಂತ್ರಾಂಶವೇ ಓದಿಕೊಂಡು ಹೆಸರಿನ ಬಾಲಕ್ಕೆ ಸೇರಿಸುವಂತೆ ಮಾಡಬಹುದು. ಎರಡು ಬೈಟ್‌ಗಳಿಂದ 65,536 ಭಿನ್ನ ಬಾಲಗಳು ದೊರೆಯುವುದರಿಂದ ಒಂದು ತರಗತಿಯಲ್ಲಿ ಹೆಸರುಗಳು ಮರುಕಳಿಸುವ ಸಂಭವ ತೀರ ಕಡಿಮೆ. ಆ ಬಾಲವನ್ನು ಕಾಗದದ ಚೀಟಿಯಲ್ಲಿ ಬರೆದು ಫಲಕಕ್ಕೆ ಅಂಟಿಸಿಟ್ಟರೆ ಕಣ್ಣಿಗೂ ಗುರುತು ಸಿಗುತ್ತದೆ.

ಅಲ್ಪಶಕ್ತಿಯ ಬ್ಲೂಟೂತಿನಲ್ಲಿ ಹೆಸರು ಎರಡು ಕಡೆ ಇರುತ್ತದೆ ಎಂಬುದು ಗಮನಾರ್ಹ. ಒಂದು, ಬಿತ್ತರಿಸುವ ಸಂದೇಶದಲ್ಲಿ. ಇನ್ನೊಂದು, ಜೋಡಣೆಯಾದ ಮೇಲೆ ಫೋನು ಓದಿಕೊಳ್ಳುವ ಒಳ ದಾಖಲೆಯಲ್ಲಿ. ಆರ್ಡುಯಿನೊ ತಂತ್ರಾಂಶದ ಅಲ್ಪಶಕ್ತಿ ಗ್ರಂಥಾಲಯದಲ್ಲಿ ಇವೆರಡನ್ನೂ ಬೇರೆ ಬೇರೆ ಆದೇಶಗಳಿಂದ ನಿಗದಿಪಡಿಸಬೇಕು. ಮೊದಲನೆಯದನ್ನು ಮಾತ್ರ ಬದಲಿಸಿದರೆ, ಹುಡುಕುವಾಗ ಹೊಸ ಹೆಸರು ಕಂಡು ಜೋಡಣೆಯಾದೊಡನೆ ‘ಆರ್ಡುಯಿನೊ’ ಎಂಬ ಮೂಲ ಹೆಸರು ಮರಳಬಹುದು. ಎರಡನ್ನೂ ಒಂದೇ ಆಗಿರಿಸುವುದು ಲೇಸು.

ಕನ್ನಡದಲ್ಲಿ ಹೆಸರು

ಉಪಕರಣದ ಹೆಸರು ಕನ್ನಡದಲ್ಲಿ ಇರಬಹುದೇ? ಇರಬಹುದು. ಬ್ಲೂಟೂತ್ ಮಾನಕದಂತೆ ಹೆಸರನ್ನು ಯೂನಿಕೋಡ್‌ನ ಯುಟಿಎಫ್-8 ಎಂಬ ರೂಪದಲ್ಲಿ ಬರೆಯಲಾಗುತ್ತದೆ. ಅದರ ಗರಿಷ್ಠ ಮಿತಿ 248 ಬೈಟ್‌ಗಳು. ಆದರೆ ಅಲ್ಪಶಕ್ತಿಯ ಬಗೆಯಲ್ಲಿ ಬಿತ್ತರಿಸುವ ಸಾಮಾನ್ಯ ಸಂದೇಶದಲ್ಲಿ ಇರುವ ಜಾಗ ಕೇವಲ 31 ಬೈಟ್. ಅದರಲ್ಲಿ 3 ಬೈಟ್‌ಗಳು ಉಪಕರಣದ ಬಗೆಯನ್ನು ತಿಳಿಸಲು, 2 ಬೈಟ್‌ಗಳು ಹೆಸರಿನ ಉದ್ದ ಮತ್ತು ಪ್ರಕಾರವನ್ನು ತಿಳಿಸಲು ವಿನಿಯೋಗವಾಗುತ್ತವೆ. ಹೆಸರಿಗೆ ಉಳಿಯುವುದು 26.

ರೋಮನ್ ಲಿಪಿಯ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿಯೊಂದು ವ್ಯಂಜನಕ್ಕೂ, ಸ್ವರಚಿಹ್ನೆಗೂ, ಒತ್ತಕ್ಷರವನ್ನು ಮೂಡಿಸುವ ಹಲಂತಕ್ಕೂ, ಅನುಸ್ವಾರಕ್ಕೂ ತಲಾ ಮೂರು ಬೈಟ್ ಬೇಕು. ‘ಮುಂಬಯಿ’ ಎಂಬ ಪದದಲ್ಲಿ ಮ, ಉಕಾರ, ಅನುಸ್ವಾರ, ಬ, ಯ, ಇಕಾರ ಎಂಬ ಆರು ಘಟಕಗಳಿರುವುದರಿಂದ ಅದು 18 ಬೈಟ್‌ಗಳನ್ನು ಆಕ್ರಮಿಸುತ್ತದೆ. ‘ನೀರು ತೊಟ್ಟಿ’ ಎಂಬುದಕ್ಕೆ ನಡುವಿನ ತೆರಪೂ ಸೇರಿ 31 ಬೈಟ್ ಬೇಕಾಗುವುದರಿಂದ ಅದು 26ರಲ್ಲಿ ಹಿಡಿಸದು. ಕೆಲವು ತಂತ್ರಾಂಶಗಳು ಇಂತಹ ಹೆಸರನ್ನು ನಡುವೆಯೇ ತುಂಡರಿಸುತ್ತವೆ. ಆಗ ಕೊನೆಯ ಅಕ್ಷರ ಒಡೆದು ಅರ್ಥವಿಲ್ಲದ ಗುರುತೊಂದು ಕಾಣಿಸಿಕೊಳ್ಳಬಹುದು. ಇದು ಫೋನಿನ ದೋಷವೂ ಅಲ್ಲ, ಕನ್ನಡದ ದೋಷವೂ ಅಲ್ಲ. ಬೈಟ್‌ಗಳ ಲೆಕ್ಕ ಅಷ್ಟೆ. ‘ತೊಟ್ಟಿ-2’ ಎಂದು ಬರೆದರೆ 20 ಬೈಟ್‌ಗಳಲ್ಲಿ ಕೆಲಸ ಮುಗಿಯುತ್ತದೆ.

ತಮ್ಮ ಉಪಕರಣವು ಒದಗಿಸುವ ಸೇವೆಯ 16 ಬೈಟ್‌ಗಳ ದೀರ್ಘ ಗುರುತುಸಂಖ್ಯೆಯನ್ನೂ ಅದೇ ಸಂದೇಶದಲ್ಲಿ ಸೇರಿಸುವವರು ಇನ್ನೂ ಎಚ್ಚರ ವಹಿಸಬೇಕು. ಅದಕ್ಕೆ ಒಟ್ಟು 18 ಬೈಟ್ ತಗಲುವುದರಿಂದ ಹೆಸರಿಗೆ ಉಳಿಯುವುದು 8 ಮಾತ್ರ; 9 ಬೈಟ್‌ಗಳ ‘ಮನೆ’ ಎಂಬ ಚಿಕ್ಕ ಪದವೂ ಅಲ್ಲಿ ಹಿಡಿಸದು. ಇಂತಹ ಸಂದರ್ಭದಲ್ಲಿ ಫೋನು ಕೇಳಿದಾಗ ಕಳುಹಿಸುವ ಪ್ರತ್ಯುತ್ತರ ಸಂದೇಶದಲ್ಲಿ ಹೆಸರನ್ನು ಇರಿಸುವುದು ಸೂಕ್ತ. ಅಲ್ಲಿ ಹೆಸರಿಗೆ 29 ಬೈಟ್‌ಗಳವರೆಗೆ ಅವಕಾಶವಿದೆ. ಎಚ್‌ಸಿ ಸರಣಿಯ ಹಳೆಯ ಘಟಕಗಳಿಗೆ ಮಾತ್ರ ತೆರಪಿಲ್ಲದ ರೋಮನ್ ಅಕ್ಷರಗಳನ್ನೂ ಅಂಕಿಗಳನ್ನೂ ಬಳಸುವುದೇ ಕ್ಷೇಮ.

ಹಳೆಯ ಹೆಸರು ಹೋಗದಿದ್ದಲ್ಲಿ

ಹೆಸರು ಬದಲಿಸಿದ ಮೇಲೂ ಫೋನು ಹಿಂದಿನ ಹೆಸರನ್ನೇ ತೋರಿಸುವುದು ಬಹುಮಂದಿಯ ಅನುಭವ. ಹೊಸಬರು ಇದರಿಂದ ಗಾಬರಿಗೊಂಡು ಅದೇ ಆದೇಶವನ್ನು ಹತ್ತಾರು ಬಾರಿ ಕಳುಹಿಸುವುದುಂಟು. ವಾಸ್ತವವಾಗಿ ಘಟಕವು ಹೊಸ ಹೆಸರನ್ನು ತಳೆದಿರುತ್ತದೆ. ಒಮ್ಮೆ ಕಂಡ ವಿಳಾಸಕ್ಕೆ ಸಂಬಂಧಿಸಿದ ಹೆಸರನ್ನು ಫೋನು ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ನಾಮಫಲಕದಲ್ಲಿ ಭಡಕಮ್‌ಕರ್ ಮಾರ್ಗವೆಂದಿದ್ದರೂ ಟ್ಯಾಕ್ಸಿಯವರಿಗೆ ಅದು ಲ್ಯಾಮಿಂಗ್ಟನ್ ರೋಡೇ ಆಗಿರುವಂತೆ. ಫೋನಿನ ಜೋಡಣೆಗಳ ಪಟ್ಟಿಯಿಂದ ಆ ಉಪಕರಣವನ್ನು ತೆಗೆದುಹಾಕಿ, ಬ್ಲೂಟೂತನ್ನು ಒಮ್ಮೆ ಆರಿಸಿ ಹೊತ್ತಿಸಿ ಮತ್ತೆ ಹುಡುಕಿದರೆ ಬಹುತೇಕ ಹೊಸ ಹೆಸರು ಕಾಣಿಸುತ್ತದೆ. ಹಿಂದೆಂದೂ ಆ ಘಟಕವನ್ನು ಕಾಣದ ಬೇರೊಂದು ಫೋನಿನಲ್ಲಿ ನೋಡುವುದು ಇನ್ನೂ ಖಚಿತವಾದ ಪರೀಕ್ಷೆ.

ಹೆಸರು ಬೀಗವಲ್ಲ

ಹೆಸರಿಟ್ಟ ಮಾತ್ರಕ್ಕೆ ಉಪಕರಣ ಸುರಕ್ಷಿತವಾಯಿತೆಂದು ಭಾವಿಸಬಾರದು. ಯಾರು ಬೇಕಾದರೂ ತಮ್ಮ ಘಟಕಕ್ಕೆ ಇನ್ನೊಬ್ಬರ ಘಟಕದ ಹೆಸರನ್ನೇ ಇಡಬಹುದು. ಆದ್ದರಿಂದ ಎಚ್‌ಸಿ-05ರಲ್ಲಿ ಹೆಸರಿನೊಡನೆ 1234 ಎಂಬ ಗುಪ್ತಸಂಖ್ಯೆಯನ್ನೂ ತಪ್ಪದೆ ಬದಲಿಸತಕ್ಕದ್ದು. ನಾಲ್ಕಂಕಿಯ ಗುಪ್ತಸಂಖ್ಯೆಗೆ ಇರುವ ಸಾಧ್ಯತೆಗಳು ಹತ್ತು ಸಾವಿರ ಮಾತ್ರವಾದ್ದರಿಂದ ಅದನ್ನು ಬಾಗಿಲಿನ ಬೀಗ ತೆರೆಯುವಂತಹ ಕೆಲಸಕ್ಕೆ ನೆಚ್ಚಿಕೊಳ್ಳಲಾಗದು. ಅಲ್ಪಶಕ್ತಿಯ ಫಲಕಗಳಲ್ಲಿ ಒಪ್ಪಂದದ ಜೋಡಣೆಯನ್ನು ಕಡ್ಡಾಯಗೊಳಿಸದಿದ್ದರೆ ವ್ಯಾಪ್ತಿಯೊಳಗಿನ ಯಾವುದೇ ಫೋನು ಒಳಹೊಗಬಹುದು. ಪಂಪು, ಗೀಸರು ಮುಂತಾದ ಮನೆಯ ವಿದ್ಯುತ್ ಜಾಲದ ಉಪಕರಣಗಳಿಗೆ ಇವನ್ನು ಜೋಡಿಸುವಾಗ ಅರ್ಹ ವಿದ್ಯುತ್ ಕೆಲಸಗಾರರ ನೆರವು ಪಡೆಯುವುದೂ, ಕೈಯಿಂದ ನಿಲ್ಲಿಸಬಲ್ಲ ಸ್ವಿಚ್ಚನ್ನು ಉಳಿಸಿಕೊಳ್ಳುವುದೂ ಅತ್ಯಗತ್ಯ.

ಇನ್ನೊಂದು ಮಾತು. ಹೆಸರು ಎಲ್ಲರಿಗೂ ಕಾಣಿಸುವಂತಹುದು. ಬ್ಲೂಟೂತ್ ಹೆಸರಿನಲ್ಲಿ ತಮ್ಮ ಪೂರ್ಣ ಹೆಸರು, ಮನೆಯ ಸಂಖ್ಯೆ ಅಥವಾ ದೂರವಾಣಿ ಸಂಖ್ಯೆಯನ್ನು ಬರೆದವರು ಚರ್ಚ್‌ಗೇಟಿನಿಂದ ವಿರಾರಿನವರೆಗೆ ಲೋಕಲ್ ಗಾಡಿಯಲ್ಲಿ ಸಾಗುವಾಗ, ಸುತ್ತಲೂ ನಿಂತ ಅಪರಿಚಿತರ ಫೋನುಗಳಿಗೆ ಅದನ್ನು ಸಾರುತ್ತಲೇ ಇರುತ್ತಾರೆ. ವಿಶೇಷವಾಗಿ ಮಕ್ಕಳು ಮತ್ತು ಮಹಿಳೆಯರು ಇದನ್ನು ಗಮನದಲ್ಲಿಡುವುದು ಅವಶ್ಯ. ಉಪಕರಣವು ಮಾಡುವ ಕೆಲಸ ಮತ್ತು ಒಂದು ಕ್ರಮಸಂಖ್ಯೆ, ಇಷ್ಟಿದ್ದರೆ ಹೆಸರು ಸಾಕು. ಯಾವ ಸಂಖ್ಯೆ ಯಾರದೆಂಬುದನ್ನು ಮನೆಯಲ್ಲಿನ ಅಥವಾ ಶಾಲೆಯಲ್ಲಿನ ಪುಸ್ತಕವೊಂದರಲ್ಲಿ ಬರೆದಿಡಬಹುದು.

ಕಲಿಯುವ ಅವಕಾಶಗಳು

ಇಂತಹ ಕೆಲಸವನ್ನು ಕೈಯಾರೆ ಮಾಡಿ ಕಲಿಯಲೆಂದು ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಇನೊವೇಷನ್ ಮಿಷನ್ ಅಡಿಯಲ್ಲಿ 6ರಿಂದ 12ನೆಯ ತರಗತಿಯವರೆಗಿನ ಮಕ್ಕಳಿಗಾಗಿ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ಸ್ಥಾಪಿಸಲಾಗಿದೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ದೊರೆಯುವ ವ್ಯವಸ್ಥೆ ಈ ಯೋಜನೆಯಲ್ಲಿದೆ. ಮುಂಬಯಿಯ ಪೊವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಮುಕ್ತ ತಂತ್ರಾಂಶಗಳ ಕುರಿತ ಪಾಠಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಒದಗಿಸುತ್ತ ಬಂದಿದೆ.

ಹಗಲು ಹೋಟೆಲು, ಕಚೇರಿಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ತಲೆಮಾರುಗಳನ್ನು ಮುಂಬಯಿಯ ಕನ್ನಡಿಗರು ಕಂಡಿದ್ದಾರೆ. ಆ ಮನೆಗಳ ಮಕ್ಕಳು ಇಂದು ಕೆಲವು ನೂರು ರೂಪಾಯಿಗಳ ಫಲಕವೊಂದನ್ನು ಮೇಜಿನ ಮೇಲಿಟ್ಟುಕೊಂಡು ಅದಕ್ಕೆ ತಮ್ಮ ಭಾಷೆಯಲ್ಲಿ ಹೆಸರಿಡಬಲ್ಲರು. ಬೈಟ್‌ಗಳನ್ನು ಎಣಿಸಿ, ನೆರೆಯವರ ಉಪಕರಣಕ್ಕೆ ಗೊಂದಲವಾಗದಂತೆ, ತಮ್ಮ ಗುಟ್ಟು ಬಯಲಾಗದಂತೆ ಆ ಹೆಸರನ್ನು ಆರಿಸಿಕೊಳ್ಳುವುದು ಅವರು ಕಲಿಯಬೇಕಾದ ಮೊದಲ ಪಾಠ. ಫಲಕವನ್ನು ಕೊಂಡು ತಂದ ದಿನವೇ, ಬೇರೆ ಯಾವ ತಂತಿಯನ್ನು ಜೋಡಿಸುವುದಕ್ಕೂ ಮುನ್ನ, ಹೆಸರನ್ನೂ ಗುಪ್ತಸಂಖ್ಯೆಯನ್ನೂ ಬದಲಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.